ಓಲ್ಟೇಜು ಕಮ್ಮಿ

ಓಲ್ಟೇಜು ಎಂಬ ಶಬ್ದವನ್ನು ನಮ್ಮ ಕಡೆಯ ಹೆಂಗಸರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ, ತೋಟದ ಪಂಪು ಕಲಿಸಿದ್ದು. ಕುಂಬ್ರ ಪೇಟೆಯಿಂದ ಒಳಗೆ, ಲೈನಿನ ಕೊನೆಯ ಕಂಬದ ಮನೆಗೆ 1994ರಲ್ಲಿ ನಾನು ಸೊಸೆಯಾಗಿ ಬಂದಾಗ ಮೊದಲ ಬೇಸಗೆಯಲ್ಲೇ ಕೇಳಿದ ಮಾತು, "ಇವತ್ತು ಓಲ್ಟೇಜಿಲ್ಲ". ಅಡಿಕೆ ತೋಟಕ್ಕೆ ನೀರು ಬಿಡುವ ಹೊತ್ತಿನಲ್ಲಿ ಊರಿನ ಪಂಪುಗಳೆಲ್ಲ ಒಮ್ಮೆಲೇ ಎದ್ದವೆಂದರೆ ನಮ್ಮ ಟ್ಯೂಬ್‌ಲೈಟು ಕಣ್ಣು ಮಿಟುಕಿಸುತ್ತಲೇ ಕೂರುತ್ತಿತ್ತು. ಮಿಕ್ಸಿ ಅರೆಯುವುದನ್ನು ಬಿಟ್ಟು ನರಳುತ್ತಿತ್ತು. ತಿರುಗುವ ಫ್ಯಾನಿನ ರೆಕ್ಕೆಗಳನ್ನು ಒಂದು, ಎರಡು, ಮೂರು ಎಂದು ಎಣಿಸಬಹುದಿತ್ತು. ಇವರು ಸ್ಟೆಬಿಲೈಸರಿನ ಮುಳ್ಳನ್ನು ನೋಡಿ "160" ಎಂದರೆ ಅತ್ತೆ ಅಡುಗೆಮನೆಯಲ್ಲಿ ಕಡೆಯುವ ಕಲ್ಲಿಗೆ ನೀರು ಚಿಮುಕಿಸಿ ತೊಳೆಯಲು ಶುರುಮಾಡುತ್ತಿದ್ದರು. ಪಂಪಿನ ಕಾಯಿಲು ಸುಟ್ಟು ವೈಂಡಿಂಗಿಗೆಂದು ಪುತ್ತೂರಿಗೆ ಹೋಗದ ಬೇಸಗೆ ಆ ಕಾಲದಲ್ಲಿ ಒಂದೂ ಇರಲಿಲ್ಲ.

ಹೀಗೆ ಓಲ್ಟೇಜು ಕಮ್ಮಿ ಎಂದರೆ ಮನೆಗೆ ಬಂದ ದರಿದ್ರವೆಂದೇ ತಿಳಿದು ಬಾಳಿದವಳ ಎದುರು ಒಬ್ಬ ಹುಡುಗ ಕುಕ್ಕರಗಾಲಲ್ಲಿ ಕುಳಿತು, "ಟೀಚರ್, ಇದರ ಓಲ್ಟೇಜು ಸ್ವಲ್ಪ ಕಮ್ಮಿ ಮಾಡುವಾ. ಆಗ ಸರಿಯಾಗ್ತದೆ" ಎಂದರೆ ಹೇಗಾಗಬೇಡ ಹೇಳಿ! ಅವನು ಹೇಳಿದ್ದು ನಮ್ಮ ಚಾವಡಿಯ ಕಂಪ್ಯೂಟರಿನ ಬಗ್ಗೆ.

ಈ ಕಂಪ್ಯೂಟರಿನ ಪರಿಚಯ ಮಾಡಿಕೊಡಬೇಕು. ಮಗ ಪಿ.ಯು.ಸಿ.ಗೆ ಸೇರುವಾಗ, 2009ರಲ್ಲಿ, ಪುತ್ತೂರಿನಲ್ಲಿ ಬಿಡಿಭಾಗ ಜೋಡಿಸಿ ಕೊಟ್ಟದ್ದು. ಒಳಗಿರುವುದು ಇಂಟೆಲ್ ಕೋರ್ 2 ಡ್ಯುಯೋ ಜಾತಿಯ ಇ8400 ಎಂಬ ಚಿಪ್ಪು. ಅದು ಮಾರುಕಟ್ಟೆಗೆ ಬಂದದ್ದು 2008ರಲ್ಲಿ. ಮಗ ಬೆಂಗಳೂರಿಗೆ ಹೋದ, ಅವನ ಕೈಗೆ ಬೇರೆ ಬೇರೆ ಯಂತ್ರಗಳು ಬಂದವು. ಇದು ಚಾವಡಿಯಲ್ಲೇ ಉಳಿಯಿತು, ಮದುವೆಯಾಗಿ ಹೋದ ಮಕ್ಕಳ ಹಳೇ ಸೈಕಲ್ಲಿನಂತೆ. ಸಂಜೆ ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ ನೆರೆಕರೆಯ ನಾಲ್ಕಾರು ಮಕ್ಕಳಿಗೆ ನಾನು ಇದರಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುತ್ತೇನೆ. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಫೀಸಿಲ್ಲ, ಚಪ್ಪಲಿ ಸಾಲಾಗಿ ಇಡಬೇಕು ಎಂಬುದಷ್ಟೇ ನಿಯಮ. ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು. ನಮ್ಮ ಜಿಲ್ಲೆಯವರೇ ಆದ ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ನಮ್ಮ ಸೀಮೆಯ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟರು ಎಂದು ಮಕ್ಕಳಿಗೆ ಹೇಳಿದಾಗ ನನಗೆ ಬರುವ ಹೆಮ್ಮೆ ಅವರಿಗೆ ಬರುವುದಿಲ್ಲ. ಅವರಿಗೆ ತಮಾಷೆಯಾಗಿ ಕಾಣುವುದು ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕೆಂಬುದು. "ಪುತ್ತೂರಿಗೆ ಹೋಗ್ಲಿಕ್ಕೂ ಎಫ್ ಬೇಕಾ ಟೀಚರ್?" ಎಂದು ಒಬ್ಬ ಕೇಳಿದ್ದ.

ಆ ಮಕ್ಕಳ ನಡುವೆ ಸ್ವಲ್ಪ ದೊಡ್ಡವಳೊಬ್ಬಳಿದ್ದಳು. ಪಿ.ಯು.ಸಿ. ಮುಗಿಸಿ ಮನೆಯಲ್ಲಿ ಕುಳಿತವಳು. 'ಕುಳಿತವಳು' ಎಂದರೆ ಸುಮ್ಮನೆ ಕುಳಿತವಳಲ್ಲ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ತಾಯಿಯ ಜೊತೆ ಬೀಡಿ ಕಟ್ಟುತ್ತ ಕುಳಿತವಳು. ಎಲೆ ಕತ್ತರಿಸಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಸುತ್ತಿ, 25ರ ಕಟ್ಟು ಮಾಡಿ ಬ್ರಾಂಚಿಗೆ ಒಯ್ಯುವ ಕೈಗಳಿಗೆ ಕೀಲಿಮಣೆ ಏನು ಮಹಾ! ನಾನು ಒಂದು ತಿಂಗಳು ಹೇಳಿಕೊಟ್ಟದ್ದನ್ನು ಅವಳು ಒಂದು ವಾರದಲ್ಲಿ ಕಲಿತಳು. ಕೀಲಿಗಳನ್ನು ನೋಡದೆ, ಪಕ್ಕದ ಮಕ್ಕಳೊಡನೆ ಮಾತಾಡುತ್ತಲೇ ಟೈಪು ಮಾಡುತ್ತಿದ್ದಳು.

2024ರ ಮಾರ್ಚಿನಲ್ಲಿ ಪೇಟೆಯ ಡಿ.ಟಿ.ಪಿ. ಅಂಗಡಿಯವರು ಅವಳಿಗೆ ಒಂದು ಕೆಲಸ ಕೊಟ್ಟರು. ಒಂದು ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ. ಕೈಬರಹದ ನೂರಕ್ಕೂ ಮಿಕ್ಕಿದ ಪುಟ. ಸರಿಯಾದ ಹೊತ್ತಿಗೆ, ತಪ್ಪಿಲ್ಲದೆ ಮಾಡಿಕೊಟ್ಟರೆ ಜೂನಿನಿಂದ ಅಂಗಡಿಯಲ್ಲೇ ಕುಳಿತು ಕೆಲಸ ಮಾಡಬಹುದು ಎಂದು ಮಾತಾಗಿತ್ತು. ಅವಳ ತಾಯಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನಂಬಿಕೆ ಇಲ್ಲದ್ದಕ್ಕೆ ಆ ತಾಯಿಯನ್ನು ನಾನು ದೂರುವುದಿಲ್ಲ. ಬೀಡಿ ಕಟ್ಟಿದ ದಿನ ಇಷ್ಟು ಎಂದು ಲೆಕ್ಕ ಸಿಗುತ್ತದೆ, ಟೈಪು ಮಾಡಿದ ದಿನ "ಆಮೇಲೆ ನೋಡುವಾ" ಎಂಬ ಉತ್ತರ ಸಿಗುತ್ತದೆ. "ಮೇ ತನಕ ನೋಡ್ತೇನೆ ಟೀಚರೇ, ಮತ್ತೆ ನನಗೆ ಕೈಗೊಂದು ಜನ ಬೇಕು" ಎಂದು ಆಕೆ ನಮ್ಮ ಅಂಗಳದಲ್ಲಿ ನಿಂತು ಹೇಳಿ ಹೋಗಿದ್ದಳು.

ಏಪ್ರಿಲ್ ಬಂತು. ಆ ವರ್ಷದ ಸೆಕೆಯನ್ನು ನೀವೂ ಮರೆತಿರಲಾರಿರಿ. ಹೆಂಚಿನ ಮಾಡಿನ ಕೆಳಗೆ ಮಧ್ಯಾಹ್ನ 34 ಡಿಗ್ರಿ, ಮೈಗೆ ಅಂಟಿದ ಬೆವರು ಆರುವುದೇ ಇಲ್ಲ. ನಮ್ಮ ಕಂಪ್ಯೂಟರು ಮಧ್ಯಾಹ್ನ ಎರಡರ ನಂತರ ಜೋರಾಗಿ ಗುಂಯ್‌ಗುಡಲು ಶುರುಮಾಡುತ್ತದೆ, ಅಕ್ಷರಗಳು ಬೆರಳಿಗಿಂತ ಹಿಂದೆ ಬೀಳುತ್ತವೆ, ಆಮೇಲೆ ಒಂದು ಕ್ಷಣದಲ್ಲಿ ಎಲ್ಲ ಕಪ್ಪು. ಒಂದೇ ಮಧ್ಯಾಹ್ನ ಮೂರು ಸಲ ಹೀಗಾಗಿ, ಉಳಿಸಿಕೊಳ್ಳದ ಎರಡು ಪುಟ ಹೋದಾಗ ಅವಳು ಏನೂ ಹೇಳಲಿಲ್ಲ. ಕೈಬರಹದ ಹಾಳೆಯನ್ನು ಮೊದಲಿನಿಂದ ಮತ್ತೆ ತೆಗೆದಿಟ್ಟುಕೊಂಡಳು. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಗನಿಗೆ ಫೋನು ಮಾಡಿದೆ. "ಅಮ್ಮಾ, ಅದನ್ನು ಗುಜರಿಗೆ ಕೊಟ್ಟುಬಿಡು. ದೀಪಾವಳಿಗೆ ಬರುವಾಗ ಲ್ಯಾಪ್‌ಟಾಪ್ ತರ್ತೇನೆ" ಎಂದ. ಪ್ರೀತಿಯಿಂದಲೇ ಹೇಳಿದ್ದು. ಆದರೆ ದೀಪಾವಳಿ ಬರುವುದು ಜೂನಿನ ಆಚೆ. ಅದೂ ಅಲ್ಲದೆ ಲ್ಯಾಪ್‌ಟಾಪ್ ಬಂದರೆ ಅದು 'ಅಮ್ಮನ ಲ್ಯಾಪ್‌ಟಾಪ್' ಆಗುತ್ತದೆ; ಅದಕ್ಕೊಂದು ಚೀಲ, ಕಪಾಟಿನಲ್ಲೊಂದು ಜಾಗ, ಮಕ್ಕಳು ಮುಟ್ಟಿದರೆ ನನಗೇ ಎದೆ ಢವಢವ. ಚಾವಡಿಯ ಈ ಹಳೆಯ ಪೆಟ್ಟಿಗೆ ಯಾರದ್ದೂ ಅಲ್ಲ, ಹಾಗಾಗಿಯೇ ಎಲ್ಲರದ್ದು. ಅಲ್ಲದೆ, ಐವತ್ತು ದಾಟಿದ ಮೇಲೆ ನಡುರಾತ್ರಿ ಕಾರಣವಿಲ್ಲದೆ ಮೈಯೆಲ್ಲ ಕಾದು ಬೆವರಿ ಎದ್ದು ಕೂರುವ ನನಗೆ, ಬಿಸಿಯಾದ ಒಂದೇ ತಪ್ಪಿಗೆ ಒಂದು ಯಂತ್ರವನ್ನು ಗುಜರಿಗೆ ಹಾಕುವ ಮಾತು ಅಷ್ಟು ಹಿತವಾಗಿ ಕೇಳಲಿಲ್ಲ.

ಆಗ ಕರೆಸಿದ್ದು ಈ ಹುಡುಗನನ್ನು. ನನ್ನ ಹಳೆಯ ವಿದ್ಯಾರ್ಥಿ. ಏಳನೆಯಲ್ಲಿ ಕಂದ ಪದ್ಯ ಬಾಯಿಪಾಠ ಬಾರದೆ ಬೆಂಚಿನ ಮೇಲೆ ನಿಂತವನು ಡಿಪ್ಲೊಮಾ ಮಾಡಿ ಈಗ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುತ್ತಾನೆ. ಆದಿತ್ಯವಾರ ಬೆಳಿಗ್ಗೆ ಬೈಕಿನಲ್ಲಿ ಬಂದವನು ಪೆಟ್ಟಿಗೆಯ ಬದಿಯ ತಗಡು ಬಿಚ್ಚಿದ. ಒಳಗೆ ನೋಡಿದರೆ ನಮ್ಮ ತೋಟದ್ದೇ ಒಂದು ಶಾಖೆ! ಅಂಗಳದಲ್ಲಿ ಒಣಗಿಸಿದ ಅಡಿಕೆಯ ಧೂಳು ಫ್ಯಾನಿಗೆ ಕಂಬಳಿ ಹೊದಿಸಿತ್ತು. ಮೂಲೆಯಲ್ಲಿ ಕಣಜದ ಮಣ್ಣಿನ ಗೂಡು, ಹಲ್ಲಿಯ ಎರಡು ಒಡೆದ ಮೊಟ್ಟೆ. ಚಿಪ್ಪಿನ ಮೇಲೆ ಅಲ್ಯೂಮಿನಿಯಮಿನ ಹಣಿಗೆಯಂಥದ್ದೊಂದು ಇರುತ್ತದೆ, ಚಿಪ್ಪಿನ ಬಿಸಿಯನ್ನು ಹೀರಿ ಗಾಳಿಗೆ ಕೊಡುವುದು ಅದರ ಕೆಲಸ. ಆ ಹಣಿಗೆಯ ಹಲ್ಲುಗಳ ನಡುವೆ ಗಾಳಿ ಹೋಗಲು ಜಾಗವೇ ಇರಲಿಲ್ಲ. ಪೈಂಟಿನ ಬ್ರಶ್ಶು, ಇವರ ಸೈಕಲ್ ಪಂಪು ಎರಡನ್ನೂ ಹಿಡಿದು ಅವನು ಅಂಗಳದಲ್ಲಿ ಒಂದು ಗಂಟೆ ಕೆಲಸ ಮಾಡಿದ. ಫ್ಯಾನಿಗೆ ಗಾಳಿ ಹೊಡೆಯುವಾಗ ಅದು ತಿರುಗದಂತೆ ಬೆರಳಲ್ಲಿ ಹಿಡಿದಿರಬೇಕಂತೆ.

ಚಿಪ್ಪಿಗೂ ಹಣಿಗೆಗೂ ನಡುವೆ ಒಂದು ಬಗೆಯ ಪೇಸ್ಟು ಹಚ್ಚಿರುತ್ತಾರೆ. ಎರಡು ಲೋಹಗಳು ಎಷ್ಟು ನುಣುಪಾಗಿದ್ದರೂ ನಡುವೆ ಕಣ್ಣಿಗೆ ಕಾಣದ ಗಾಳಿ ಉಳಿಯುತ್ತದೆ, ಗಾಳಿ ಬಿಸಿಯನ್ನು ದಾಟಿಸುವುದರಲ್ಲಿ ಬಹಳ ಸೋಮಾರಿ. ಆ ಸಂದು ತುಂಬುವುದು ಪೇಸ್ಟಿನ ಕೆಲಸ. ಹದಿನೈದು ವರ್ಷದಲ್ಲಿ ಅದು ಒಣಗಿ ಪುಡಿಪುಡಿಯಾಗಿತ್ತು. ಅತ್ತೆ ಎಲೆ ತಟ್ಟೆ ಬದಿಗಿಟ್ಟು ಬಗ್ಗಿ ನೋಡಿ, "ನನ್ನ ಸುಣ್ಣದ ಡಬ್ಬಿಯ ಹಾಗೆ ಆಗಿದೆ" ಎಂದರು. ಹುಡುಗ ಹಳೆಯದನ್ನು ಒರೆಸಿ ಹೊಸ ಪೇಸ್ಟನ್ನು ಒಂದು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾಗಿ ಹಾಕಿದ. "ಇಷ್ಟು ಸಾಕಾ?" ಎಂದು ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟದ್ದು ಅತ್ತೆಯೇ: "ಸುಣ್ಣ ಎಷ್ಟು ಬೇಕೋ ಅಷ್ಟೇ. ಜಾಸ್ತಿಯಾದರೆ ಕೆಲಸ ಕೆಡ್ತದೆ." ಹುಡುಗ ನಗುತ್ತ, "ಅಜ್ಜಿ ಹೇಳಿದ್ದೇ ಸರಿ ಟೀಚರ್" ಎಂದ. ಮೂವತ್ತು ವರ್ಷದಲ್ಲಿ ನನಗೆ ಸಿಗದ ಸರ್ಟಿಫಿಕೇಟು ಅತ್ತೆಗೆ ಒಂದೇ ಬೆಳಿಗ್ಗೆ ಸಿಕ್ಕಿತು.

ತೆಗೆಯುವ ಮೊದಲು ಯಂತ್ರಕ್ಕೆ ಭಾರೀ ಲೆಕ್ಕ ಕೊಟ್ಟು ನೋಡಿದಾಗ ಚಿಪ್ಪಿನ ಬಿಸಿ 97 ಡಿಗ್ರಿಗೆ ಹೋಗಿತ್ತು. ಅಷ್ಟಾದರೆ ಚಿಪ್ಪು ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನೇ ಆರಿಸಿಬಿಡುತ್ತದೆ. ಸುಟ್ಟುಹೋಗುವ ಬದಲು ಮೂರ್ಛೆ ಹೋಗುವುದು. ಧೂಳು ತೆಗೆದು ಪೇಸ್ಟು ಹಚ್ಚಿದ ಮೇಲೆ ಅದೇ ಲೆಕ್ಕಕ್ಕೆ 72. ನನಗೆ ಅಷ್ಟೇ ಸಾಕಿತ್ತು. ನಿಮಗೂ ಮೊದಲು ಹೇಳಬೇಕಾದ್ದು ಇದೇ: ಹಳೆಯ ಕಂಪ್ಯೂಟರು ಬಿಸಿಯಾದರೆ ಮೊದಲು ಗುಡಿಸಿ. ಆದರೆ ಹುಡುಗನಿಗೆ ಸಮಾಧಾನವಿಲ್ಲ. "ಮೇಯಲ್ಲಿ ಸೆಕೆ ಇನ್ನೂ ಏರ್ತದೆ ಟೀಚರ್. ಫ್ಯಾನು ಹಳತು" ಎಂದ. ಆಗ ಹೇಳಿದ್ದು ಆ ಓಲ್ಟೇಜಿನ ಮಾತು.

ನಾನು ಬಿ.ಎ. ಓದಿದವಳು, ಮಕ್ಕಳಿಗೆ ಕನ್ನಡ ಹೇಳುವವಳು. "ಓಲ್ಟೇಜು ಕಮ್ಮಿಯಾದರೆ ಪಂಪು ಸುಡುವುದಲ್ವಾ, ಇದು ಹೇಗೆ ತಣ್ಣಗಾಗುವುದು?" ಎಂದು ಕೇಳಿದೆ. ಬೆಂಚಿನ ಮೇಲೆ ನಿಲ್ಲಿಸಿದ ಸೇಡು ತೀರಿಸುವವನಂತೆ ನನ್ನನ್ನು ಕೂರಿಸಿ ಪಾಠ ಮಾಡಿದ. ಪಂಪಿಗೆ ನೀರೆತ್ತುವ ಹೊರೆ ಇದೆ. ಓಲ್ಟೇಜು ಇಳಿದರೂ ಬಾವಿಯ ನೀರು ಹಗುರವಾಗುವುದಿಲ್ಲ. ಅದೇ ಹೊರೆ ಎತ್ತಲು ಮೋಟಾರು ಒದ್ದಾಡಿ ಹೆಚ್ಚು ಕರೆಂಟು ಎಳೆಯುತ್ತದೆ. ಆ ಕರೆಂಟೇ ಕಾಯಿಲನ್ನು ಸುಡುವುದು. ಚಿಪ್ಪಿಗೆ ಎತ್ತುವ ಹೊರೆಯೇ ಇಲ್ಲ. ಅದರೊಳಗೆ 41 ಕೋಟಿ ಟ್ರಾನ್ಸಿಸ್ಟರುಗಳಿವೆ, ಎಂದರೆ ಪುಟ್ಟ ಸ್ವಿಚ್ಚುಗಳು. ಸೆಕೆಂಡಿಗೆ 300 ಕೋಟಿ ತಾಳದ ಲಯಕ್ಕೆ ಅವು ಹಾಕಿ ಆರುತ್ತವೆ. ಪ್ರತಿಸಲವೂ ಒಂದು ಸಣ್ಣ ತೊಟ್ಟಿ ತುಂಬಿ ಬರಿದಾದಂತೆ. ತೊಟ್ಟಿ ಎಷ್ಟು ಎತ್ತರಕ್ಕೆ ತುಂಬಬೇಕು ಎಂಬುದೇ ಓಲ್ಟೇಜು.

ಇಲ್ಲಿಂದ ಮುಂದಿನದು ನನಗೆ ಅವನಿಗಿಂತ ಚೆನ್ನಾಗಿ ಅರ್ಥವಾಯಿತು, ಏಕೆಂದರೆ ನೀರು ಹೊತ್ತವಳು ನಾನು. ತೊಟ್ಟಿಯನ್ನು ಅರ್ಧ ಎತ್ತರಕ್ಕೆ ತುಂಬಿದರೆ ಸಾಕು ಎಂದರೆ ಕೊಡಪಾನಗಳ ಸಂಖ್ಯೆ ಅರ್ಧವಾಗುತ್ತದೆ. ಅಷ್ಟೇ ಅಲ್ಲ, ಒಂದೊಂದು ಕೊಡಪಾನವನ್ನು ಎತ್ತಬೇಕಾದ ಎತ್ತರವೂ ಅರ್ಧ. ಆಯಾಸ ಅರ್ಧವಲ್ಲ, ಕಾಲುಭಾಗಕ್ಕೆ ಇಳಿಯಿತು. ಓಲ್ಟೇಜಿನ ವರ್ಗಕ್ಕೆ ತಕ್ಕಂತೆ ಬಿಸಿ ಎಂದು ಅವನು ಹಾಳೆಯಲ್ಲಿ ಬರೆದ ಸೂತ್ರ ಇದೇ. ಹತ್ತರಲ್ಲಿ ಒಂದು ಪಾಲು ಓಲ್ಟೇಜು ಇಳಿಸಿದರೆ, ವೇಗ ಒಂದಿಷ್ಟೂ ಇಳಿಸದೆಯೇ, ಆ ಕೆಲಸದ ಬಿಸಿ ಸುಮಾರು ಐದರಲ್ಲೊಂದು ಪಾಲು ಕಮ್ಮಿ.

"ಹಾಗಾದರೆ ಮಾಡಿದವರು ಮೊದಲೇ ಯಾಕೆ ಇಳಿಸಲಿಲ್ಲ?" ಎಂದೆ. ಬೆಳೆಯುವ ಹುಡುಗಿಗೆ ಲಂಗ ಹೊಲಿಸುವಾಗ ಎರಡಿಂಚು ಮಡಿಕೆ ಬಿಡುವುದಿಲ್ಲವೇ, ಹಾಗೆ. ಚಿಪ್ಪು ಯಾವ ಊರಿಗೆ ಹೋಗುತ್ತದೋ, ಎಂಥ ಸೆಕೆಗೆ ಸಿಗುತ್ತದೋ, ಎಷ್ಟು ವರ್ಷ ಬಾಳಬೇಕೋ ಎಂದು ಸ್ವಲ್ಪ ಹೆಚ್ಚೇ ಇಟ್ಟು ಕಳಿಸುತ್ತಾರೆ. ಕೆಲವು ಚಿಪ್ಪುಗಳಿಗೆ ಆ ಮಡಿಕೆ ಕೊನೆತನಕ ಬೇಕಾಗುವುದೇ ಇಲ್ಲ.

ಗೋಡೆಯ 230 ಓಲ್ಟೇಜಿಗೂ ಇದಕ್ಕೂ ನೇರ ಸಂಬಂಧವಿಲ್ಲ, ದಯವಿಟ್ಟು ಯಾರೂ ಸ್ಟೆಬಿಲೈಸರ್ ತಿರುಗಿಸಲು ಹೋಗಬೇಡಿ. ಪೆಟ್ಟಿಗೆಯೊಳಗಿನ ಪವರ್ ಸಪ್ಲೈ ಅದನ್ನು 12ಕ್ಕೆ ಇಳಿಸುತ್ತದೆ, ಬೋರ್ಡು ಮತ್ತೆ ಒಂದೂ ಕಾಲಿಗೆ ಇಳಿಸಿ ಚಿಪ್ಪಿಗೆ ಉಣಿಸುತ್ತದೆ. ಒಂದೂ ಕಾಲು ಓಲ್ಟು! ಟಾರ್ಚಿನ ಒಂದು ಸೆಲ್ಲಿಗಿಂತಲೂ ಕಮ್ಮಿ. 1971ರ ಮೊದಲ ಇಂಟೆಲ್ ಚಿಪ್ಪಿಗೆ 15 ಓಲ್ಟು ಬೇಕಿತ್ತಂತೆ. 1993ರ ಮೊದಲ ಪೆಂಟಿಯಂಗೆ 5. ಟ್ರಾನ್ಸಿಸ್ಟರನ್ನು ಕಿರಿದು ಮಾಡಿದ ಹಾಗೆಲ್ಲ ಓಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಿದರೆ ಬಿಸಿ ಹದ್ದುಮೀರದು ಎಂದು 1974ರಲ್ಲೇ ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದರು. ಮೂವತ್ತು ವರ್ಷ ಪ್ರಪಂಚ ಆ ದಾರಿಯಲ್ಲೇ ನಡೆಯಿತು. ಒಂದು ಓಲ್ಟಿನ ಹತ್ತಿರ ಬಂದಾಗ ದಾರಿ ಮುಚ್ಚಿತು; ಇನ್ನೂ ಇಳಿಸಿದರೆ ಸ್ವಿಚ್ಚು ಆರಿದಾಗಲೂ ಕರೆಂಟು ಸೋರುತ್ತದೆ. 2004ರಲ್ಲಿ ಇಂಟೆಲ್ ಕಂಪೆನಿ ತಯಾರಾಗುತ್ತಿದ್ದ ಒಂದು ಚಿಪ್ಪನ್ನೇ ಬಿಸಿಯ ಕಾರಣಕ್ಕೆ ಕೈಬಿಟ್ಟಿತು. ಅದಕ್ಕಿಟ್ಟಿದ್ದ ಹೆಸರು 'ತೇಜಸ್'. ನಮ್ಮ ಕಿವಿಗೆ ಆ ಹೆಸರಿನಲ್ಲೇ ಕಾರಣ ಕೇಳಿಸುತ್ತದೆ.

ಊಟವಾದ ಮೇಲೆ ಕೆಲಸ ಶುರುವಾಯಿತು. ಯಂತ್ರ ಏಳುವಾಗ ಒಂದು ಕೀಲಿ ಒತ್ತಿದರೆ ಬಯಾಸ್ ಎಂಬ ನೀಲಿ ಪುಟ ಬರುತ್ತದೆ. ಎಲ್ಲ ಬೋರ್ಡುಗಳಲ್ಲೂ ಓಲ್ಟೇಜು ಬದಲಿಸುವ ಸಾಲು ಇರುವುದಿಲ್ಲ, ನಮ್ಮದರಲ್ಲಿ ಇತ್ತು. 1.25 ಇದ್ದದ್ದನ್ನು 1.225 ಮಾಡಿ, ಯಂತ್ರ ಎಬ್ಬಿಸಿ, ಹದಿನೈದು ನಿಮಿಷ ಭಾರೀ ಲೆಕ್ಕ ಕೊಟ್ಟು ನೋಡುವುದು. ಸರಿಯಿದ್ದರೆ ಇನ್ನೊಂದು ಮೆಟ್ಟಲು ಕೆಳಗೆ. ಲೆಕ್ಕಕ್ಕೆ ಬಳಸಿದ್ದು ಪ್ರೈಮ್95 ಎಂಬ ತಂತ್ರಾಂಶ. ಅದು ಹುಟ್ಟಿದ್ದು ಬಹುದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆ, ಯಂತ್ರಗಳ ಸಹನೆ ಪರೀಕ್ಷಿಸುವುದಕ್ಕೆ ಈಗ ಹೆಚ್ಚು ಪ್ರಸಿದ್ಧ. ಹುಡುಗಿ ಪರೀಕ್ಷೆ ಪುಸ್ತಕದ ಒಂದು ಹಾಳೆಗೆ ಗೆರೆ ಎಳೆದು, ಓಲ್ಟೇಜು, ಬಿಸಿ, ಸಮಯ ಎಂದು ಮೂರು ಕಾಲಂ ಮಾಡಿ ಬರೆಯುತ್ತ ಕೂತಳು. ನಾನು ಹಲಸಿನ ಹಪ್ಪಳ ಕಾಯಿಸಿದೆ. 1.2, 1.175, 1.15, 1.125, 1.1. ಬಿಸಿ 72ರಿಂದ ಮೆಲ್ಲ ಮೆಲ್ಲ 63ಕ್ಕೆ ಬಂತು. ಫ್ಯಾನಿನ ಬೊಬ್ಬೆ ಕಮ್ಮಿಯಾಗಿ ಹೊರಗೆ ಕುಟುರ ಹಕ್ಕಿ ಕೂಗುವುದು ಕೇಳಿಸತೊಡಗಿತು.

1.075ಕ್ಕೆ ಹತ್ತು ನಿಮಿಷವಾದಾಗ ತಂತ್ರಾಂಶ ನಿಂತಿತು. ಯಂತ್ರ ನಿಲ್ಲಲಿಲ್ಲ, ಗಮನಿಸಿ. ಪರದೆ ಸರಿಯಾಗಿಯೇ ಇತ್ತು. ಲೆಕ್ಕದ ಉತ್ತರ ಮಾತ್ರ ತಪ್ಪಿತ್ತು. ನನಗೆ ನಿಜವಾಗಿ ಭಯವಾದದ್ದು ಆಗ. ಬಿದ್ದುಹೋಗುವ ಯಂತ್ರ ಪ್ರಾಮಾಣಿಕವಾದದ್ದು. ನೆಟ್ಟಗೆ ಕುಳಿತು, ಮುಖದಲ್ಲಿ ಏನೂ ತೋರಿಸದೆ ತಪ್ಪು ಉತ್ತರ ಕೊಡುವುದಿದೆಯಲ್ಲ, ಬೆಳಿಗ್ಗೆ ತಿಂಡಿ ತಿನ್ನದೆ ಬಂದು ಬೋರ್ಡನ್ನೇ ನೋಡುತ್ತ ಕೂರುವ ಮಕ್ಕಳನ್ನು ಕಂಡವರಿಗೆ ಅದು ಗೊತ್ತು. ಅಂಥದ್ದರಲ್ಲಿ ಈ ಹುಡುಗಿಯ ನೂರು ಪುಟ ಇಡುವುದೇ? ಹುಡುಗ ಕುತೂಹಲಕ್ಕೆಂದು ಇನ್ನೂ ಒಂದು ಮೆಟ್ಟಲು ಇಳಿದು ನೋಡಿದ. ಯಂತ್ರ ಏಳಲೇ ಇಲ್ಲ, ಕಪ್ಪು ಪರದೆ. ಹುಡುಗಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಅವನು ಗಡಿಬಿಡಿ ಮಾಡದೆ ವಯರು ಕಳಚಿ, ಬೋರ್ಡಿನ ಮೇಲಿದ್ದ ರೂಪಾಯಿ ನಾಣ್ಯದಂಥ ಬ್ಯಾಟರಿ ತೆಗೆದು, ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿದ. ಎದ್ದಿತು. ಬದಲಿಸಿದ್ದೆಲ್ಲ ಮರೆತು ಹೋಗಿತ್ತು. ಅದರ ಕ್ಯಾಲೆಂಡರಿನಲ್ಲಿ ಇಸವಿ 2009. ಇವರು ಕನ್ನಡಕ ಸರಿಮಾಡಿಕೊಂಡು, "ಆಗ ಅಡಿಕೆಗೆ ಎಷ್ಟಿತ್ತು?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು.

1.1 ಸಾಕು ಎಂದು ಹುಡುಗ, ಬೇಡ ಎಂದು ನಾನು. ಇವತ್ತು ಸರಿಯಿದ್ದದ್ದು ಮೇ ತಿಂಗಳ ಸೆಕೆಗೆ ತಡೆಯದಿದ್ದರೆ? ಒಂದು ಮೆಟ್ಟಲು ಮೇಲೆ, 1.125ಕ್ಕೆ ನಿಲ್ಲಿಸು ಎಂದೆ. "ಎರಡು ಡಿಗ್ರಿ ಜಾಸ್ತಿ ಆಗ್ತದೆ ಟೀಚರ್." ಆಗಲಿ. ಆ ರಾತ್ರಿ ಎರಡು ಗಂಟೆ ಲೆಕ್ಕ ಮಾಡಲು ಬಿಟ್ಟೆವು. 65 ಡಿಗ್ರಿ, ಒಂದು ತಪ್ಪೂ ಇಲ್ಲ. ಇದರಿಂದ ಕರೆಂಟಿನ ಬಿಲ್ಲಿನಲ್ಲಿ ಕಾಣುವಂಥ ಉಳಿತಾಯವೇನೂ ಆಗಿಲ್ಲ. ಮಗನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. ಆಮೇಲೆ ತನ್ನ ಲ್ಯಾಪ್‌ಟಾಪಿನಲ್ಲೂ ಮಾಡುತ್ತೇನೆಂದು ಹೊರಟು ಸೋತ. 2019ರ ಡಿಸೆಂಬರಿನಲ್ಲಿ ಯುರೋಪಿನ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಓಲ್ಟೇಜನ್ನು ಉಪಾಯವಾಗಿ ಇಳಿಸಿ, ಚಿಪ್ಪಿನಿಂದ ತಪ್ಪು ಲೆಕ್ಕ ಮಾಡಿಸಿ, ಅದರ ಗುಟ್ಟುಗಳನ್ನು ಹೊರತೆಗೆಯಬಹುದೆಂದು ತೋರಿಸಿದ್ದರು. ಅದರ ನಂತರ ಅನೇಕ ಯಂತ್ರಗಳಲ್ಲಿ ಆ ಬಾಗಿಲಿಗೇ ಬೀಗ ಹಾಕಲಾಗಿದೆ. ನಮ್ಮದು ಬೀಗಕ್ಕಿಂತ ಹಳೆಯ ಕಾಲದ ಮನೆ.

ಹುಡುಗಿ ಮೇ ಮೊದಲ ವಾರದಲ್ಲಿ ಟೈಪಿಂಗ್ ಮುಗಿಸಿದಳು. ಮಧ್ಯಾಹ್ನದ ಹೊತ್ತೇ ಕುಳಿತು, ಒಂದು ಸಲವೂ ಕಪ್ಪಾಗದೆ. ಸಂಚಿಕೆಯಲ್ಲಿ ತಪ್ಪುಗಳಿದ್ದವು, ಅವೆಲ್ಲ ಲೇಖನ ಬರೆದವರದ್ದು, ನಾನು ಹೋಲಿಸಿ ನೋಡಿದ್ದೇನೆ. ದುಡ್ಡು ಬಂದದ್ದು ಜೂನಿನಲ್ಲಿ, ಎರಡು ಕಂತಿನಲ್ಲಿ. ಅಷ್ಟರೊಳಗೆ ಆ ತಾಯಿ ಮತ್ತೊಮ್ಮೆ ನಮ್ಮ ಅಂಗಳಕ್ಕೆ ಬಂದಿದ್ದಳು, ಈ ಸಲ ಜಗಲಿಯ ಮೇಲೆ ಕುಳಿತಳು. ಹಗಲು ಅಂಗಡಿ, ರಾತ್ರಿ ಒಂದಿಷ್ಟು ಬೀಡಿ ಎಂದು ತಾಯಿ-ಮಗಳ ನಡುವೆ ಒಪ್ಪಂದವಾಗಿತ್ತು. ರಾತ್ರಿಯ ಬೀಡಿ ನನಗೆ ಇಷ್ಟವಾಗಲಿಲ್ಲ. ಆದರೆ ಅದನ್ನು ಹೇಳಲು ನನಗೇನು ಅಧಿಕಾರ?

ಮಳೆ ಹಿಡಿದ ಮೇಲೆ ಯಂತ್ರದ ಬಿಸಿ ತಾನಾಗಿಯೇ ಇನ್ನೂ ಏಳೆಂಟು ಡಿಗ್ರಿ ಇಳಿಯಿತು. ಹುಡುಗ ದಾರಿಯಲ್ಲಿ ಸಿಕ್ಕಾಗ, "ಈಗ ಒಂದು ಮೆಟ್ಟಲು ಇಳಿಸುವಾ ಟೀಚರ್?" ಎಂದು ಆಸೆಯಿಂದ ಕೇಳಿದ. ಬೇಡ ಎಂದೆ. ಹುಡುಗಿ ಬರೆದ ಮೂರು ಕಾಲಮಿನ ಹಾಳೆ ಪೆಟ್ಟಿಗೆಯ ತಗಡಿನ ಒಳಬದಿಗೆ ಅಂಟಿಸಿದೆ. ಮೊನ್ನೆ ಆದಿತ್ಯವಾರ ಅವಳು ಬಂದು, ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, ಅಂಗಡಿಯ ಕಂಪ್ಯೂಟರಿಗೆ ಬೇಕೆಂದು ಇವರ ಸೈಕಲ್ ಪಂಪು ಕೇಳಿ ಒಯ್ದಿದ್ದಾಳೆ. ಇನ್ನೂ ತಂದುಕೊಟ್ಟಿಲ್ಲ.